ರಾತ್ರಿ ಕಾಲು ಸುಮ್ಮನಿರದಿದ್ದರೆ...

ನಾವು ಚಿಕ್ಕವರಿದ್ದಾಗ, ಎಲ್ಲರೂ ಮಲಗಿದ ಮೇಲೆ ನಮ್ಮಮ್ಮ ನಮ್ಮಲ್ಲಿ ಯಾರನ್ನಾದರೂ ಮೆಲ್ಲಗೆ ಎಬ್ಬಿಸಿ, "ಸ್ವಲ್ಪ ಕಾಲು ತುಳಿಯೇ ಮಗಳೇ, ಒಳಗೆ ಏನೋ ಹರಿದಾಡ್ತಿದೆ" ಅನ್ನೋಳು. ನಾವು ಗೊಣಗುತ್ತಲೇ ತುಳಿಯುತ್ತಿದ್ದೆವು. ಎಷ್ಟೋ ಸಲ ಯಾರನ್ನೂ ಎಬ್ಬಿಸದೆ ನಡುಮನೆಯಲ್ಲಿ ಒಬ್ಬಳೇ ಓಡಾಡುತ್ತಿದ್ದಳು. "ಇವಳಿಗೆ ಚಿಂತೆ ಜಾಸ್ತಿ" ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು.

ನನಗೆ 43 ತುಂಬಿದಾಗ ಆ ಓಡಾಟ ನನ್ನ ಪಾಲಿಗೂ ಬಂತು. ಹಗಲು ಏನೂ ಇಲ್ಲ. ಕೆಲಸ ಮುಗಿಸಿ ಹಾಸಿಗೆಯಲ್ಲಿ ಕಾಲು ಚಾಚಿದರೆ ಸಾಕು, ಮೀನಖಂಡದೊಳಗೆ ಹುಳು ಹರಿದ ಹಾಗೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಹಾಯೆನಿಸುವುದು, ಮಲಗಿದರೆ ಮತ್ತೆ ಶುರು. ನಿದ್ದೆಗೆಟ್ಟು ಬೆಳಿಗ್ಗೆ ಮನೆಯವರ ಮೇಲೆಲ್ಲ ರೇಗಾಟ. ಕೂತಾಗ ಕಾಲು ಆಡಿಸಿದರೆ ಅತ್ತೆಯವರು, "ಕಾಲು ಅಲ್ಲಾಡಿಸಬೇಡ್ವೇ, ಮನೆಗೆ ದರಿದ್ರ" ಎನ್ನುತ್ತಿದ್ದರು.

ಕೊನೆಗೆ ಲೇಡಿ ಡಾಕ್ಟರ ಹತ್ತಿರ ಹೋದೆ. ಅವರು ನಾಲ್ಕೇ ಪ್ರಶ್ನೆ ಕೇಳಿದರು. ಕಾಲು ಆಡಿಸಲೇಬೇಕು ಅನ್ನಿಸುತ್ತಾ? ಸುಮ್ಮನಿದ್ದಾಗ ಹೆಚ್ಚಾ? ನಡೆದರೆ ಕಡಿಮೆಯಾಗುತ್ತಾ? ಸಂಜೆ, ರಾತ್ರಿಯೇ ಜಾಸ್ತಿಯಾ? ನಾಲ್ಕಕ್ಕೂ ಹೌದೆಂದೆ. "ಇದು ಚಿಂತೆಯಲ್ಲ ಕಣಮ್ಮ, ಕಾಯಿಲೆ. ರೆಸ್ಟ್‌ಲೆಸ್ ಲೆಗ್ಸ್ ಅಂತಾರೆ. ತಾಯಿಯಿಂದ ಮಕ್ಕಳಿಗೂ ಬರಬಹುದು" ಎಂದರು. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯರು 1672ರಲ್ಲೇ ಇದರ ಬಗ್ಗೆ ಬರೆದಿದ್ದರು. 1945ರಲ್ಲಿ ಸ್ವೀಡನ್ನಿನ ಎಕ್‌ಬೋಮ್ ಎಂಬ ವೈದ್ಯರು ಇದನ್ನು ವಿವರವಾಗಿ ವರ್ಣಿಸಿದರು. ನಮ್ಮಮ್ಮನಿಗೆ ಮಾತ್ರ ಯಾರೂ ಹೇಳಲಿಲ್ಲ!

ಮೊದಲು ರಕ್ತ ನೋಡಿಸಿ

ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೆ ಈ ಬಾಧೆ ಹೆಚ್ಚು. ನನಗೋ ಮುಟ್ಟಿನ ಸ್ರಾವ ಜಾಸ್ತಿ. ಊಟವೂ ಎಲ್ಲರದಾದ ಮೇಲೆ, ಉಳಿದಿದ್ದರಲ್ಲಿ. ಹಿಮೋಗ್ಲೋಬಿನ್ ಸರಿಯಾಗಿದ್ದರೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಅದಕ್ಕೆ ಫೆರಿಟಿನ್ ಎಂಬ ಬೇರೆ ಪರೀಕ್ಷೆಯಿದೆ. ಅದು 75ಕ್ಕಿಂತ ಕೆಳಗಿದ್ದರೆ ಕಬ್ಬಿಣ ಕೊಡುವ ವಿಚಾರವನ್ನು ವೈದ್ಯರು ಮಾಡುತ್ತಾರೆ. ನಾವೇ ಅಂಗಡಿಯಿಂದ ಮಾತ್ರೆ ತಂದು ನುಂಗಬಾರದು. ಸೊಪ್ಪು, ಮೊಳಕೆ ಕಾಳು, ಎಳ್ಳು ಊಟದಲ್ಲಿರಲಿ. ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ.

ಮನೆಯಲ್ಲೇ ಮಾಡಬಹುದಾದದ್ದು

ಕಾಫಿ: ನಮ್ಮವರು ರಾತ್ರಿ ಎಂಟಕ್ಕೆ ಅಂಗಡಿ ಮುಚ್ಚಿ ಬಂದಾಗ ಜೊತೆಗೆ ನನಗೂ ಒಂದು ಲೋಟ ಕಾಫಿಯಾಗಬೇಕಿತ್ತು. ಅದನ್ನು ಬಿಡುವುದು ಕಷ್ಟವಾಯಿತು, ಆದರೆ ಬಿಟ್ಟೆ. ಈಗ ಜೀರಿಗೆ ಕಷಾಯ. ಮಧ್ಯಾಹ್ನದ ನಂತರ ಕಾಫಿ, ಟೀ ಬೇಡ. ಊಟದ ಜೊತೆಗೂ ಬೇಡ, ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ.

ನಡಿಗೆ: ಮನೆಗೆಲಸ ಬೇರೆ, ವ್ಯಾಯಾಮ ಬೇರೆ. 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ವಾರಕ್ಕೆ 3 ದಿನದಂತೆ 12 ವಾರ ವ್ಯಾಯಾಮ ಮಾಡಿದವರಿಗೆ ಬಾಧೆ ಇಳಿಯಿತು. ಸಂಜೆ ಅರ್ಧ ಗಂಟೆ ನಡೆಯಿರಿ. ಮಲಗುವ ಹೊತ್ತಿಗೆ ಮೈ ದಣಿಸಬೇಡಿ.

ಗೋಡೆ ವ್ಯಾಯಾಮ: ಗೋಡೆಗೆ ಅಂಗೈ ಊರಿ, ಒಂದು ಕಾಲು ಮುಂದೆ, ಒಂದು ಹಿಂದೆ ಇಡಿ. ಹಿಂದಿನ ಹಿಮ್ಮಡಿ ಎತ್ತದೆ ಮುಂದಕ್ಕೆ ಬಾಗಿ 30 ಎಣಿಸಿ. ಎರಡೂ ಕಾಲಿಗೆ ಮೂರು ಮೂರು ಸಲ.

ನೀರು, ಎಣ್ಣೆ: ಕೆಲವರಿಗೆ ಬಿಸಿನೀರು ಹಿತ, ಕೆಲವರಿಗೆ ತಣ್ಣೀರು, ಎರಡನ್ನೂ ನೋಡಿ. ಆಮೇಲೆ ಬೆಚ್ಚಗಿನ ಎಣ್ಣೆಯನ್ನು ಪಾದದಿಂದ ಮೇಲಕ್ಕೆ ತಿಕ್ಕಿ.

ಮನಸ್ಸಿಗೆ ಕೆಲಸ: ಕೂರಲೇಬೇಕಾದಾಗ ಹೂ ಕಟ್ಟಿ, ಪದಬಂಧ ಬಿಡಿಸಿ. ದಿನವೂ ಒಂದೇ ಹೊತ್ತಿಗೆ ಮಲಗಿ, ಒಂದೇ ಹೊತ್ತಿಗೆ ಏಳಿ.

ಇನ್ನೊಂದು ಮಾತು. ನಿದ್ದೆ ತರಿಸುವ ನೆಗಡಿ, ಅಲರ್ಜಿ ಮಾತ್ರೆಗಳು, ವಾಂತಿಗೆ ಮತ್ತು ಖಿನ್ನತೆಗೆ ಕೊಡುವ ಕೆಲವು ಔಷಧಿಗಳು ಇದನ್ನು ಹೆಚ್ಚಿಸಬಹುದು. ತಾವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ. ಅಂಗಾಲು ಉರಿ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದರೂ ತೋರಿಸಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ಅದು ಬೇರೆಯೇ. ಅಂದೇ ಆಸ್ಪತ್ರೆಗೆ ಹೋಗಿ.

ನನ್ನ ಕಾಲು ಪೂರ್ತಿ ಸುಮ್ಮನಾಗಿಲ್ಲ. ಆದರೆ ವಾರದಲ್ಲಿ ಐದು ರಾತ್ರಿ ನಿದ್ದೆ ಬರುತ್ತಿದೆ. ಮೊನ್ನೆ ಏಳು ತಿಂಗಳ ಬಸುರಿ ಮಗಳು ಫೋನು ಮಾಡಿ, "ಅಮ್ಮಾ, ರಾತ್ರಿ ಕಾಲೊಳಗೆ ಏನೋ ಹರಿದಾಡ್ತಿದೆ" ಎಂದಳು. ಅಮ್ಮನ ಮಾತೇ ಅದು! ಬಸುರಿಯರಿಗೆ ಇದು ಬರುವುದುಂಟು, ಹೆರಿಗೆಯಾದ ಮೇಲೆ ಬಹಳ ಜನಕ್ಕೆ ಇಳಿದುಹೋಗುತ್ತದೆ, ಡಾಕ್ಟರಿಗೆ ಹೇಳಿ ರಕ್ತ ನೋಡಿಸು ಎಂದೆ. ಈಗ ದಿನಾ ರಾತ್ರಿ ಅಳಿಯಂದಿರೇ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಾರಂತೆ. ಕೇಳಿ ಸಂತೋಷವಾಯಿತು. ನಡುಮನೆಯಲ್ಲಿ ಒಬ್ಬಳೇ ಓಡಾಡುತ್ತಿದ್ದ ಅಮ್ಮನ ನೆನಪೂ ಬಂತು.