ವೇಗಮಾಪಕದ ಮುಳ್ಳೂ ಮಕ್ತಲದ ಕಿಲೋಮೀಟರ್ ಕಲ್ಲೂ

ಕೃಷ್ಣೆಯ ಉತ್ತರಕ್ಕೆ ನಾರಾಯಣಪೇಟೆ ಮತ್ತು ಮಕ್ತಲ, ದಕ್ಷಿಣಕ್ಕೆ ಕೃಷ್ಣಾ-ತುಂಗಭದ್ರೆಗಳ ನಡುವಣ ನಡಿಗಡ್ಡೆಯಲ್ಲಿ ಗದ್ವಾಲ. ಈ ಮೂರೂ ಇಂದು ತೆಲಂಗಾಣದ ಊರುಗಳೇ ಆದರೂ, ಗದ್ವಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯ ಅಂಗವಾಗಿದ್ದಿತೆಂಬುದನ್ನೂ, ಈ ಸೀಮೆಯ ಕನ್ನಡ ಮನೆಮಾತಿನ ಕುಟುಂಬಗಳು ಮದುವೆಗೂ ಸಂತೆಗೂ ಇಂದಿಗೂ ರಾಯಚೂರಿನ ಹಾದಿ ಹಿಡಿಯುತ್ತವೆಂಬುದನ್ನೂ ಬಲ್ಲವರಿಗೆ, ಇಲ್ಲಿನ ಅಂಗಳಗಳಲ್ಲಿ ಉಳಿದಿರುವ ಹಳೆಯ ಮಾರುತಿ 800 ಕಾರುಗಳು ಎಷ್ಟು ದುಡಿದಿವೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಂತ ಈ ಪುಟ್ಟ ಕಾರಿನ ಎಂಜಿನನ್ನು ಬಿಚ್ಚಿ ಕಟ್ಟಬಲ್ಲ ಮೇಸ್ತ್ರಿಗಳು ಬೇಕಾದಷ್ಟು ಮಂದಿ ಇದ್ದಾರೆ. ಅದರ ವೇಗಮಾಪಕವನ್ನು, ಗ್ಯಾರೇಜಿನ ಮಾತಿನಲ್ಲಿ ಮೀಟರನ್ನು, ತೆರೆದು ತಿದ್ದಬಲ್ಲ ಕೈ ಮಾತ್ರ ವಿರಳವಾಗುತ್ತಿದೆ. ಮೀಟರು ಕೆಟ್ಟರೆ ಕೆಡಲಿ, ಫೋನಿನಲ್ಲಿ ವೇಗ ಕಾಣುತ್ತದಲ್ಲ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಚಾಲಕನ ದೃಷ್ಟಿ ರಸ್ತೆಯಿಂದ ಕ್ಷಣಮಾತ್ರ ಕೆಳಗಿಳಿದಾಗ ಸತ್ಯ ಹೇಳಬೇಕಾದ ಸ್ಥಳ ಅದೊಂದೇ.

ಈ ಯಂತ್ರದ ಮೂಲತತ್ತ್ವಕ್ಕೆ 1902ರಲ್ಲಿ ಜರ್ಮನಿಯ ಓಟೋ ಶುಲ್ಟ್ಸೆ ಪೇಟೆಂಟು ಪಡೆದನು. ಗೇರ್‌ಪೆಟ್ಟಿಗೆಯಿಂದ ಹೊರಟ ಕೇಬಲಿನ ತುದಿಯಲ್ಲಿ ಒಂದು ಅಯಸ್ಕಾಂತವು ತಿರುಗುತ್ತದೆ; ಅದನ್ನು ಸ್ಪರ್ಶಿಸದೆಯೇ ಸುತ್ತುವರಿದ ಅಲ್ಯೂಮಿನಿಯಂ ಬಟ್ಟಲಿನಲ್ಲಿ ವಿದ್ಯುತ್ ಸುಳಿಗಳು ಹುಟ್ಟಿ, ಬಟ್ಟಲು ಅಯಸ್ಕಾಂತದ ದಿಕ್ಕಿಗೆ ಎಳೆಯಲ್ಪಡುತ್ತದೆ; ಕೂದಲೆಳೆಯಂತಹ ಸುರುಳಿ ಸ್ಪ್ರಿಂಗೊಂದು ಅದನ್ನು ತಡೆಯುತ್ತದೆ; ಈ ಸೆಳೆತವೂ ತಡೆಯೂ ಸಮವಾದ ಸ್ಥಾನದಲ್ಲಿ ಮುಳ್ಳು ನಿಲ್ಲುತ್ತದೆ. ದೂರವನ್ನೆಣಿಸುವ ಅಂಕಿಚಕ್ರಗಳಾದರೋ ಅದೇ ಕೇಬಲಿನಿಂದ ಹಲ್ಲುಗಾಲಿಗಳ ಮೂಲಕವೇ ನೇರವಾಗಿ ಚಲಿಸುತ್ತವೆ. ದೋಷವೆಲ್ಲಿದೆಯೆಂಬುದನ್ನು ನಿರ್ಣಯಿಸುವ ಕೀಲಿಕೈ ಈ ಭೇದದಲ್ಲಿಯೇ ಇದೆ. ದೂರ ಸರಿಯಾಗಿದ್ದು ವೇಗ ಮಾತ್ರ ತಪ್ಪಾದರೆ ಅಪರಾಧ ಮೀಟರಿನ ಒಳಗಿನದು: ಅಯಸ್ಕಾಂತ ಬಲಗುಂದಿದರೆ ಮುಳ್ಳು ಕಡಿಮೆ ತೋರಿಸುತ್ತದೆ, ಸ್ಪ್ರಿಂಗು ಸಡಿಲವಾದರೆ ಹೆಚ್ಚು ತೋರಿಸುತ್ತದೆ. ದೂರವೂ ವೇಗವೂ ಒಂದೇ ಪ್ರಮಾಣದಲ್ಲಿ ತಪ್ಪಿದರೆ ಮೀಟರನ್ನು ಮುಟ್ಟುವ ಮೊದಲು ಬಗ್ಗಿ ಟೈರನ್ನು ನೋಡತಕ್ಕದ್ದು.

ಟೈರಿನ ಈ ಸಂಗತಿಯನ್ನು ಬಹುಮಂದಿ ಗಮನಿಸುವುದಿಲ್ಲ. ಮಾರುತಿ 800ಕ್ಕೆ ವಿಹಿತವಾದ ಟೈರು 145/70 ಆರ್12. ಹಳ್ಳದಿಣ್ಣೆಯ ದಾರಿಗೆ ತುಸು ಎತ್ತರವಾಗಲೆಂದು ಅದೇ 12 ಇಂಚಿನ ಚಕ್ರಕ್ಕೆ ಆಲ್ಟೋ ಕಾರಿನ 145/80 ಟೈರನ್ನು ತೊಡಿಸಿದರೆ, ಚಕ್ರದ ಒಂದೊಂದು ಸುತ್ತಿಗೂ ಕಾರು ಮೊದಲಿಗಿಂತ ಸುಮಾರು ನೂರಕ್ಕೆ 5.7ರಷ್ಟು ಹೆಚ್ಚು ದೂರ ಹೋಗುತ್ತದೆ. ಕೇಬಲಿಗೆ ಅದು ತಿಳಿಯದು. ಮುಳ್ಳು 60ರಲ್ಲಿ ನಿಂತಿರುವಾಗ ವಾಹನ 63ನ್ನು ದಾಟಿರುತ್ತದೆ. ಹೆಚ್ಚು ತೋರಿಸುವ ಮೀಟರಿಗಿಂತ ಕಡಿಮೆ ತೋರಿಸುವ ಮೀಟರು ಅಪಾಯಕರವಾದುದರಿಂದಲೇ, ವಿಶ್ವಸಂಸ್ಥೆಯ 39ನೆಯ ವಾಹನ ನಿಯಮವು ಮುಳ್ಳು ನೈಜ ವೇಗಕ್ಕಿಂತ ಸ್ವಲ್ಪ ಮುಂದಿರುವುದನ್ನು ಮನ್ನಿಸಿ, ಹಿಂದಿರುವುದನ್ನು ಸರ್ವಥಾ ನಿಷೇಧಿಸಿದೆ.

ಪರೀಕ್ಷೆಗೆ ದುಬಾರಿ ಸಲಕರಣೆ ಬೇಡ. ರಾಯಚೂರಿನಿಂದ ಮಕ್ತಲದ ಮೇಲೆ ಮಹಬೂಬನಗರಕ್ಕೆ ಸಾಗುವ 167ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ಹಳದಿ ತಲೆಯ ಕಿಲೋಮೀಟರ್ ಕಲ್ಲುಗಳು ಅಳಿಯದೆ ಉಳಿದಿರುವ ನೇರವಾದ ಭಾಗವನ್ನು ವಾಹನಸಂಚಾರ ವಿರಳವಾದ ಮುಂಜಾನೆ ಆರಿಸಿಕೊಂಡು, ಮುಳ್ಳನ್ನು 60ರಲ್ಲಿ ಸ್ಥಿರವಾಗಿಟ್ಟು ಓಡಿಸುತ್ತಿರಲು, ಪಕ್ಕದಲ್ಲಿ ಕುಳಿತವರು ಗಡಿಯಾರವನ್ನು ನೋಡಬೇಕು. ಕಲ್ಲಿನಿಂದ ಕಲ್ಲಿಗೆ 60 ಸೆಕೆಂಡು ಹಿಡಿದರೆ ಮೀಟರು ಸರಿ. 54 ಸೆಕೆಂಡೇ ಸಾಕಾದರೆ ನಿಜವಾದ ವೇಗ 66ಕ್ಕೂ ಮಿಕ್ಕಿದ್ದು. ಒಂದು ಕಲ್ಲನ್ನು ನಂಬದೆ ಐದು ಕಲ್ಲುಗಳ ಕಾಲವನ್ನು ಹಿಡಿದರೆ ಗಡಿಯಾರ ಒತ್ತುವಲ್ಲಿನ ತಪ್ಪು ಅಲ್ಪವಾಗುತ್ತದೆ. ಗದ್ವಾಲದ ಕಡೆಗೆ ಜುರಾಲಾ ಅಣೆಕಟ್ಟಿನ ಮೇಲಿಂದ ಹೋಗುವ ದಾರಿ ನೋಡಲು ಮನೋಹರವಾದುದೇ ಹೊರತು ಈ ಕಾರ್ಯಕ್ಕೆ ಒದಗುವಂತಹುದಲ್ಲ.

ಮುಳ್ಳು ಕುಣಿಯುತ್ತಿದ್ದರೆ ಮೊದಲ ಸಂಶಯ ಕೇಬಲಿನ ಮೇಲೆ. ಒಳತಂತಿಯನ್ನು ಹೊರಗೆಳೆದು ತೊಳೆದು, ಅದರ ಚೌಕ ತುದಿ ಸವೆದು ದುಂಡಾಗಿಲ್ಲವೆಂದು ಬೆರಳಿನಿಂದಲೇ ತಿಳಿದುಕೊಂಡು, ಗ್ರೀಸನ್ನು ತೆಳುವಾಗಿ ಸವರಿ, ಮೀಟರಿನ ಬಳಿಯ ಗೇಣುದ್ದವನ್ನು ಒಣಗಿದಂತೆಯೇ ಬಿಡಬೇಕು; ಕೈಬಿಚ್ಚಿ ಹಚ್ಚಿದ ಗ್ರೀಸು ಸುತ್ತುತ್ತ ಸುತ್ತುತ್ತ ಮೇಲೇರಿ ಬಟ್ಟಲನ್ನೂ ಅಯಸ್ಕಾಂತವನ್ನೂ ಅಂಟಿಸಿ ಮುಳ್ಳನ್ನು ಮೇಲೆ ಮೇಲೆ ಎಳೆಯುತ್ತದೆ. ನಾನು ನೋಡಿದ ಮೀಟರುಗಳಲ್ಲಿ ಕಾಲಕ್ಕಿಂತ ಅತಿಗ್ರೀಸಿನಿಂದ ಹಾಳಾದವೇ ಹೆಚ್ಚು.

ಮೀಟರನ್ನು ತೆರೆಯುವ ಕೆಲಸಕ್ಕೆ, ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಎಳೆಗೆ ಎಳೆ ಕೂಡಿಸುವ ಗದ್ವಾಲದ ನೇಕಾರನ ಕಣ್ಣೂ ತಾಳ್ಮೆಯೂ ಬೇಕು. ಗಾಜನ್ನು ತೆಗೆದೊಡನೆ ಕಸಬುದಾರನು ಮುಳ್ಳನ್ನು ಕೀಳುವುದಿಲ್ಲ. ಶೂನ್ಯದ ತಡೆಗೂಟದಿಂದ ಅದನ್ನು ಮೆಲ್ಲಗೆತ್ತಿ ಬಿಟ್ಟು, ಸ್ಪ್ರಿಂಗಿನ ಸಹಜ ವಿಶ್ರಾಂತಿಯಲ್ಲಿ ಅದೆಲ್ಲಿ ಬಂದು ನಿಲ್ಲುವುದೆಂದು ನೋಡಿ, ಆ ಸ್ಥಾನವನ್ನು ಸೀಸದ ಕಡ್ಡಿಯಿಂದ ಗುರುತಿಸಿಕೊಳ್ಳುತ್ತಾನೆ. ಆ ಗುರುತಿಲ್ಲದೆ ಮುಳ್ಳನ್ನು ಮರಳಿ ಕೂರಿಸಿದರೆ ಮುಂದಿನ ಶ್ರಮವೆಲ್ಲ ವ್ಯರ್ಥ. ಬಳಿಕ ಜಿಡ್ಡನ್ನು ತೊಳೆದು, ಸ್ಪ್ರಿಂಗಿನ ಬುಡದ ಸಣ್ಣ ಸನ್ನೆಯನ್ನು ಕೂದಲೆಳೆಯಷ್ಟು ಸರಿಸಿ, ಅಯಸ್ಕಾಂತ ಸೋತಿದ್ದರೆ ವಿದ್ಯುತ್ ಸುರುಳಿಯಲ್ಲಿಟ್ಟು ಅದಕ್ಕೆ ಬಲ ತುಂಬುತ್ತಾನೆ. ಜಪಾನೀ ಪದ್ಧತಿಯ ಮೀಟರುಗಳಿಗೆ ಕೇಬಲು ನಿಮಿಷಕ್ಕೆ 637 ಸುತ್ತು ತಿರುಗಿದರೆ ಮುಳ್ಳು 60ಕ್ಕೆ ಬರಬೇಕೆಂಬ ಲೆಕ್ಕವಿರುವುದರಿಂದ, ವೇಗ ತಿಳಿದ ಡ್ರಿಲ್ ಯಂತ್ರವೊಂದಿದ್ದರೆ ಮೇಜಿನ ಮೇಲೆಯೇ ಪರೀಕ್ಷೆ ಸಾಧ್ಯ. ದೂರದ ಅಂಕಿಗಳನ್ನು ಮಾತ್ರ ಯಾರು ಎಷ್ಟು ಕೇಳಿದರೂ ಹಿಂದಕ್ಕೆ ತಿರುಗಿಸಕೂಡದು. ಅದು ಮುಂದೆ ಕಾರು ಕೊಳ್ಳುವವನಿಗೆ ಎಸಗುವ ವಂಚನೆ.

60 ಒಂದರಲ್ಲಿ ಸರಿಬಂದಿತೆಂದು ತೃಪ್ತಿಪಡಲಾಗದು. 40ರಲ್ಲಿಯೂ 80ರಲ್ಲಿಯೂ ನೋಡಬೇಕು. ಮೂರರಲ್ಲಿಯೂ ಮುಳ್ಳು ಒಂದೇ ಅಂತರದಿಂದ ತಪ್ಪಿದರೆ ಮುಳ್ಳಿನ ಸ್ಥಾನವನ್ನೂ, ವೇಗ ಏರಿದಂತೆ ತಪ್ಪೂ ಏರಿದರೆ ಅಯಸ್ಕಾಂತವನ್ನೂ ಸ್ಪ್ರಿಂಗನ್ನೂ ಮತ್ತೆ ವಿಚಾರಿಸಿಕೊಂಡು, ಗಾಜಿನ ಅಂಚನ್ನು ಆಮೇಲೆಯೇ ಮಡಿಸತಕ್ಕದ್ದು.