ತಂಬೂರಿಯ ಕೊನೆಯ ನಾದ

ಹೆಡ್‌ಫೋನ್ ಹಾಕ್ಕೊಳ್ಳಿ. ತಂಬೂರಿಯ ಒಂದೇ ತಂತಿ ಮೀಟಿ ಬಿಟ್ಟಿದ್ದೀನಿ. ನಾದ ಕರಗ್ತಾ ಕರಗ್ತಾ ಹೋಗಿ... ಕೊನೆಗೆ ಚರಚರ. ಮರಳು ಉಜ್ಜಿದ ಹಾಗೆ. ಕೇಳಿಸ್ತಾ? ಕೇಳಿಸಲಿ ಅಂತ ಆ ಬಾಲದ ವಾಲ್ಯೂಮ್ ನಾನೇ ಏರಿಸಿದ್ದೀನಿ, ಸುಳ್ಳು ಹೇಳಲ್ಲ.

ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದು ಬರೆದಿಡ್ತಾರೆ. ಅಳತೆಪಟ್ಟಿ 16 ಬಿಟ್, ಅಂದ್ರೆ 65,536 ಗೆರೆ. ಜೋರು ದನಿಗೆ ಧಾರಾಳ. ನಾದ ಸಣ್ಣಗಾದಾಗ ಮಾತ್ರ ಅದಕ್ಕೆ ಸಿಗೋದು ಎರಡೋ ಮೂರೋ ಗೆರೆ. ನಡುವೆ ಬಿದ್ದಿದ್ದನ್ನ ಹತ್ತಿರದ ಗೆರೆಗೆ ದೂಡಿದ್ರೆ, ನುಣುಪಾದ ಅಲೆ ಮೆಟ್ಟಿಲಾಗುತ್ತೆ. ನೀವು ಕೇಳಿದ ಚರಚರ ಅದೇ.

ಎಡಿಟಿಂಗ್‌ನಲ್ಲಿ ಇನ್ನೂ ಫಜೀತಿ. ವಾಲ್ಯೂಮ್, ಈಕ್ವಲೈಜರ್, ರಿವರ್ಬ್... ಒಂದೊಂದು ಲೆಕ್ಕದಲ್ಲೂ ಚಿಲ್ಲರೆ ಬಿಡ್ತಾ ಹೋದ್ರೆ ಚಿಲ್ಲರೆಯೇ ರಾಶಿ ಬೀಳುತ್ತೆ. ಅದಕ್ಕೇ ಎಷ್ಟೋ ಸಾಫ್ಟ್‌ವೇರ್‌ಗಳು ಒಳಗೊಳಗೆ 32 ಬಿಟ್ ಫ್ಲೋಟ್‌ನಲ್ಲಿ, ಅಂದ್ರೆ ಚಿಲ್ಲರೆಯನ್ನೂ ಉಳಿಸ್ಕೊಳ್ಳೋ ಸಂಖ್ಯೆಗಳಲ್ಲಿ, ಲೆಕ್ಕ ಹಾಕ್ತವೆ. ಕೊನೆಗೆ 16ಕ್ಕೆ ಇಳಿಸೋವಾಗ ಒಂದು ತಮಾಷೆ: ಬೇಕಂತಲೇ ಒಂಚೂರು ಗದ್ದಲ ಬೆರೆಸ್ತಾರೆ! ಹೆಸರು ಡಿದರ್. ಚರಚರ ಹೋಗಿ ತೆಳ್ಳಗೆ ಸುಯ್ ಅನ್ನುತ್ತೆ, ಅದರ ಹಿಂದೆ ತಂಬೂರಿ ಹಾಗೇ ಮಿಡೀತಿರುತ್ತೆ.

24 ಬಿಟ್ ಫೈಲಿಗೆ ಹೆಚ್ಚು ದುಡ್ಡು ಕೊಡಬೇಕಾ? ರೆಕಾರ್ಡ್ ಮಾಡೋರಿಗೆ 24 ಬೇಕೇ ಬೇಕು. ಬಸ್ಸಲ್ಲಿ ಕೂತು ಕೇಳೋರಿಗೆ, ನನ್ನ ಕೇಳಿದ್ರೆ, ಬೇಡ.

ಈಗ ಡಿದರ್ ಹಾಕಿ, ಅದೇ ತಂತಿ, ಇನ್ನೊಂದ್ಸಲ.