ಸೌತ್‌ಪೋರ್ಟಿನ ಇಟ್ಟಿಗೆಗಳು

ಲಿವರ್‌ಪೂಲಿನ ಉತ್ತರಕ್ಕೆ, ಕಡಲ ಮಗ್ಗುಲಲ್ಲಿರುವ ಊರು ಸೌತ್‌ಪೋರ್ಟ್. ಉದ್ದನೆಯ ಪಿಯರ್, ಗಾಜಿನ ಚಾವಣಿಯ ಅಂಗಡಿ ಬೀದಿ, ವರ್ಷಕ್ಕೊಮ್ಮೆ ಫಲಪುಷ್ಪ ಪ್ರದರ್ಶನ. ಪೇಟೆಯ ಗದ್ದಲದಿಂದ ಆಚೆ, ಮಸೀದಿ ಮತ್ತು ಸೇಂಟ್ ಲೂಕ್ಸ್ ರಸ್ತೆಯ ಆಸುಪಾಸಿನಲ್ಲಿ ಇಟ್ಟಿಗೆಯ ಮನೆಗಳು ಒತ್ತೊತ್ತಾಗಿ ನಿಂತಿವೆ. ಮನೆ ಮುಂದೆ ಅಂಗೈಯಗಲ ಅಂಗಳ, ಅದಕ್ಕೊಂದು ಗಿಡ್ಡ ಗೋಡೆ.

2024ರ ಜುಲೈ 30ರ ಸಂಜೆ ಜನ ಆ ಗೋಡೆಗಳನ್ನೇ ಒದ್ದು ಕೆಡವಿದರು. ಇಟ್ಟಿಗೆ ಕಿತ್ತು ಮಸೀದಿಯತ್ತ ಬೀಸಿದರು. ಒಳಗೆ ಇಮಾಮರೂ ಬೆರಳೆಣಿಕೆಯಷ್ಟು ಜನರೂ ಸಿಕ್ಕಿಬಿದ್ದಿದ್ದರು. ಬೀದಿಯಲ್ಲಿ ಪೊಲೀಸ್ ವ್ಯಾನ್ ಹೊತ್ತಿ ಉರಿಯಿತು. ಮನೆಗಳ ಕಸದ ಡಬ್ಬಗಳೂ ಆಯುಧವಾದವು. 50ಕ್ಕೂ ಹೆಚ್ಚು ಪೊಲೀಸರಿಗೆ ಗಾಯ. ಊರನ್ನು ಕಾಪಾಡಲು ಬಂದೆವೆಂದವರ ಕೈಯಲ್ಲಿದ್ದದ್ದು ಊರಿನವರದೇ ಅಂಗಳದ ಗೋಡೆ!

ಹಿಂದಿನ ದಿನ ಅದೇ ಊರಿನ ಹಾರ್ಟ್ ಸ್ಟ್ರೀಟಿನಲ್ಲಿ ಬೇಸಿಗೆ ರಜೆಯ ಡ್ಯಾನ್ಸ್ ಕ್ಲಾಸಿಗೆ ಹುಡುಗನೊಬ್ಬ ಚಾಕು ಹಿಡಿದು ನುಗ್ಗಿದ್ದ. 6, 7, 9 ವರ್ಷದ ಮೂವರು ಹೆಣ್ಣುಮಕ್ಕಳು ತೀರಿಕೊಂಡರು. ಅವನು 17ರವನು, ವಯಸ್ಸಿನ ಕಾರಣಕ್ಕೆ ಹೆಸರು ಹೊರಬರಲಿಲ್ಲ. ಆ ಖಾಲಿ ಜಾಗಕ್ಕೆ ಫೋನಿನಿಂದ ಫೋನಿಗೆ ಒಂದು ಸುಳ್ಳು ಹೆಸರು ಬಂದು ಕೂತಿತು. ದೋಣಿಯಲ್ಲಿ ಬಂದ ಮುಸ್ಲಿಂ ವಲಸಿಗನಂತೆ, ಆಶ್ರಯ ಕೇಳಿದವನಂತೆ. ಆಗಸ್ಟ್ 1ರಂದು ನ್ಯಾಯಾಧೀಶರು ನಿಜವಾದ ಹೆಸರು ಪ್ರಕಟಿಸಲು ಒಪ್ಪಿದರು: ಅವನು ಕಾರ್ಡಿಫಿನಲ್ಲೇ ಹುಟ್ಟಿದವನು, ರುವಾಂಡಾದಿಂದ ಬಂದ ದಂಪತಿಯ ಮಗ. ಅಷ್ಟರಲ್ಲಿ ಸುಳ್ಳು ತನ್ನ ಕೆಲಸ ಮುಗಿಸಿತ್ತು.

ಗಲಭೆಯ ಮಾರನೆಯ ಬೆಳಿಗ್ಗೆ ಊರಿನವರು ಪೊರಕೆ ಹಿಡಿದು ಬಂದರು. ಗಾಜಿನ ಚೂರು, ಸುಟ್ಟ ಪ್ಲಾಸ್ಟಿಕ್ಕು, ಮುರಿದ ಇಟ್ಟಿಗೆ ಎಲ್ಲವನ್ನೂ ಗುಡ್ಡೆ ಹಾಕಿದರು. ಗಾರೆ ಕೆಲಸದವರು ದುಡ್ಡು ಕೇಳದೆ ಮಸೀದಿಯ ಗೋಡೆಗೆ ಕೈಹಚ್ಚಿದರು. ಹಳೆಯ ಗಾರೆ ಕೆರೆದು, ಸಿಮೆಂಟು ಮೆತ್ತಿ, ಕರಣೆಯ ಹಿಡಿಯಿಂದ ತಟ್ಟಿ ತಟ್ಟಿ ಒಂದೊಂದೇ ಇಟ್ಟಿಗೆ ಕೂರಿಸುವುದು ನಿಧಾನದ ಕೆಲಸ. ಬೀಳಿಸಲು ಅಷ್ಟು ಹೊತ್ತು ಹಿಡಿದಿರಲಿಲ್ಲ.

ಬೆಂಕಿ ಮಾತ್ರ ಬೇರೆ ಊರುಗಳಿಗೆ ಹಾರಿತ್ತು. ಆಗಸ್ಟ್ 4ರಂದು ರಾದರಮ್ ಬಳಿ ಆಶ್ರಯ ಬೇಡಿ ಬಂದವರನ್ನು ಇಟ್ಟಿದ್ದ ಹೋಟೆಲಿನ ಬಾಗಿಲಿಗೆ ಕಸದ ಡಬ್ಬ ಒತ್ತಿ ಬೆಂಕಿಯಿಟ್ಟರು. ಒಳಗೆ 200ಕ್ಕೂ ಹೆಚ್ಚು ಜನರಿದ್ದರು. ಮಿಡಲ್ಸ್‌ಬರೋದಲ್ಲಿ ಕಾರು ತಡೆದು, ನೀನು ಬಿಳಿಯನಾ, ಇಂಗ್ಲಿಷಿನವನಾ ಎಂದು ಕೇಳಿದರು. ಲಂಡನ್ನಿನ ಭಾರತೀಯ ಹೈಕಮಿಷನ್ ನಮ್ಮವರಿಗೆ ಎಚ್ಚರಿಕೆ ಹೊರಡಿಸಿತು. ಅದೇ ಲಂಡನ್ನಿನ ವಾಲ್ತಮ್‌ಸ್ಟೋದಲ್ಲಿ ಆಗಸ್ಟ್ 7ರ ಸಂಜೆ ಗಲಭೆಕೋರರನ್ನು ಎದುರಿಸಲೆಂದು ಬೀದಿ ತುಂಬ ಜನ ಸೇರಿದರು, ಗಲಭೆಕೋರರೇ ನಾಪತ್ತೆ.

ಈ ಗದ್ದಲದಲ್ಲಿ ಒಂದು ಪ್ರಶ್ನೆ ಮುಚ್ಚಿಹೋಗಿತ್ತು: ಆ ಹುಡುಗನನ್ನು ಮೊದಲೇ ತಡೆಯಬಹುದಿತ್ತೇ? ಉಗ್ರವಾದದತ್ತ ವಾಲುವವರನ್ನು ತಡೆಯಲು ಸರ್ಕಾರ ನಡೆಸುವ 'ಪ್ರಿವೆಂಟ್' ಯೋಜನೆಗೆ 2019ರಿಂದ 2021ರ ನಡುವೆ ಆ ಹುಡುಗನ ವಿಚಾರ ಮೂರು ಸಲ ಹೋಗಿತ್ತು. ಮೂರು ಸಲವೂ ಕಡತ ಮುಚ್ಚಿದರು. ಇದು ಜನರಿಗೆ ಗೊತ್ತಾದದ್ದು 2025ರ ಜನವರಿಯಲ್ಲಿ, ಅವನು ತಪ್ಪೊಪ್ಪಿಕೊಂಡ ಮೇಲೆ. ಕನಿಷ್ಠ 52 ವರ್ಷ ಜೈಲೆಂದು ತೀರ್ಪಾಯಿತು.